ಹಿತ್ತಲ ಒಲೆಗೆ ಮಳೆಗಾಲದ ಆರೈಕೆ

ಕನಕಪುರ ತಾಲ್ಲೂಕಿನ ಸಾತನೂರು ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿಯೇ ಮಳೆ ಹೆಚ್ಚು. ದೀಪಾವಳಿ ಕಳೆದು ಮದುವೆ, ಗೃಹಪ್ರವೇಶಗಳು ಕೂಡಿಬರುವ ವೇಳೆಗೆ ಹಿತ್ತಲಿನ ಇಟ್ಟಿಗೆ ಒಲೆ ನೀರುಂಡು ಕುಳಿತಿರುತ್ತದೆ. ನೂರಾರು ಜನರ ದಾಸೋಹಕ್ಕೆಂದು ಬೆಳಗಿನ ಜಾವ ಸೌದೆ ತುಂಬಿ ಒಮ್ಮೆಲೇ ಉರಿಯೆಬ್ಬಿಸಿದರೆ ಮೊದಲು ಹೊಗೆ, ಬಳಿಕ ಬಿರುಕು. ನೀರು ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಹೊರಬರಲು ದಾರಿ ಸಿಗದಿದ್ದರೆ ಇಟ್ಟಿಗೆಯ ಚೂರುಗಳನ್ನೇ ಸಿಡಿಸುತ್ತದೆ. ಅಪಾಯ ಒದಗುವುದು ಒಲೆಯ ಮುಂದೆ ಬಾಗಿ ಕುಳಿತ ತಾಯಂದಿರ ಕಣ್ಣಿಗೆ.

ಇದಕ್ಕೆ ಪರಿಹಾರವೆಂದು ಸಿಮೆಂಟ್ ಗಿಲಾವು ಮಾಡಿಸಿ, ಮೇಲೆ ನೀರು ತಡೆಯುವ ಬಣ್ಣ ಬಳಿಸುವುದನ್ನು ನಾವು ಒಪ್ಪಲಾರೆವು. ಕಾವಿಗೆ ಸಿಮೆಂಟ್ ಸೀಳುತ್ತದೆ. ಸೀಳಿನಲ್ಲಿ ಇಳಿದ ನೀರು, ನೆಲದಿಂದೇರಿದ ತೇವ ಎರಡೂ ಬಣ್ಣದ ಹಿಂದೆ ಸೆರೆಯಾಗುತ್ತವೆ. ಹಿರಿಯರು ಮಣ್ಣು, ಸಗಣಿಯಿಂದ ಒಲೆ ಸಾರಿಸುತ್ತಿದ್ದುದು ಕೇವಲ ಬಡತನದಿಂದಲ್ಲ. ಮಣ್ಣಿನ ಲೇಪ ತೇವವನ್ನು ಹೊರಗೆ ಬಿಟ್ಟುಕೊಡುತ್ತದೆ. ಬಿರುಕು ಬಿಟ್ಟರೆ ಮನೆಯವರೇ ಮುಚ್ಚಬಹುದು. ಜೇಡಿಮಣ್ಣಿಗೆ ಮರಳು, ಹೊಟ್ಟು ಬೆರೆಸಿ ಕಲಸಿ, ಹೊರಮೈಗೆ ಮಾತ್ರ ಸುಣ್ಣ ಬಳಿದರೆ ಸಾಕು.

ನೀರನ್ನು ತಡೆಯಬೇಕಾದುದು ಒಲೆಯ ಮೈಯಲ್ಲಿ ಅಲ್ಲ, ಅದರ ಮೇಲೆ ಮತ್ತು ಕೆಳಗೆ. ಉರಿಗೆ ಎಟುಕದಷ್ಟು ಎತ್ತರದಲ್ಲಿ, ನಾಲ್ಕೂ ಕಡೆ ಚಾಚಿದ ತಗಡಿನ ಸೂರಿರಲಿ. ಒಂದು ಅಡಿ ಎತ್ತರದ ಕಲ್ಲಿನ ಜಗಲಿಯ ಮೇಲೆ ಒಲೆ ಹಾಕಿಸಿ, ಸುತ್ತಲಿನ ನೆಲವನ್ನು ಹೊರಕ್ಕೆ ಇಳಿಜಾರು ಮಾಡಿರಿ. ನಮ್ಮ ಸೀಮೆಯಲ್ಲಿ ಕಗ್ಗಲ್ಲಿಗೆ ಕೊರತೆಯಿಲ್ಲ. ಆದರೆ ಅದು ಜಗಲಿಗೆ ಮಾತ್ರ, ಉರಿ ತಾಗುವೆಡೆಗೆ ಬೇಡ. ಅದರೊಳಗಿನ ಬೆಣಚು 573 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಥಟ್ಟನೆ ಹಿಗ್ಗಿ ಕಲ್ಲನ್ನು ಒಡೆಯುತ್ತದೆ. ಬಂಡೆಗೆ ಬೆಂಕಿಯಿಟ್ಟು ಪದರ ಎಬ್ಬಿಸುವ ಕಲ್ಲುಕುಟಿಗರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ!

ಮಳೆಗಾಲಕ್ಕೆ ಮುನ್ನ ಬೂದಿಯನ್ನು ಪೂರ್ತಿ ತೆಗೆಯಬೇಕು. ಅದು ತೇವವನ್ನು ಹಿಡಿದಿಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ರೂಪಿಸಿದ ಅಸ್ತ್ರ ಒಲೆಯಂತೆ ಹೊಗೆಕೊಳವೆಯುಳ್ಳ ಒಲೆಯಾದರೆ, ಕೊಳವೆಯ ತುದಿಗೆ ತಗಡಿನ ಟೋಪಿ ಮರೆಯಬಾರದು.

ಸಮಾರಂಭಕ್ಕೆ ಒಂದು ವಾರ ಮೊದಲೇ ಒಲೆಯನ್ನು ಎಚ್ಚರಿಸಬೇಕು. ಮೊದಲ ದಿನ ಒಂದು ಹಿಡಿ ಪುಳ್ಳೆಯ ಸಣ್ಣ ಉರಿ ಸಾಕು. ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿರಿ. ಹೊರಮೈಯಲ್ಲಿ ಒದ್ದೆ ಮಚ್ಚೆ ಕಾಣುವವರೆಗೆ ದೊಡ್ಡ ಕೊಪ್ಪರಿಗೆ ಏರಿಸಬೇಡಿರಿ.