ಕಿವಿಯೊಳಗಿನ ಪೆನ್ನಿನ ಮುಚ್ಚಳ

ತರೀಕೆರೆಯಿಂದ ಓದುಗರೊಬ್ಬರು ಬರೆದಿದ್ದಾರೆ. ಎಂಜಿನಿಯರಿಂಗ್ ಓದುವ ಮಗ ಮೂವತ್ತು ಸಾವಿರ ರೂಪಾಯಿಯ ಹೆಡ್‌ಫೋನು ಬೇಕೆಂದು ಹಟ ಹಿಡಿದು ಕೂತಿದ್ದಾನಂತೆ. ಅಡಿಕೆ ಕೊಟ್ಟ ದುಡ್ಡು ಮನೆಗೆ ಬಂದಿರುವುದು ಅವನಿಗೂ ಗೊತ್ತು. ‘ಮುನ್ನೂರರದ್ದರಲ್ಲಿ ಕೇಳದೆ ಇರೋದು ಅದರಲ್ಲಿ ಏನು ಕೇಳುತ್ತೆ ಸ್ವಾಮಿ? ತಂದ ಮೇಲೆ ನೂರು ಗಂಟೆ ಸುಮ್ಮನೆ ಹಾಡಿಸಿ ಪಳಗಿಸಬೇಕು ಅಂತಾನೆ. ಇದೇನು ಹೋರಿಯೆ?’

ಹೋರಿಯಲ್ಲ. ಅಮೃತಮಹಲ್ ತಳಿಯ ಊರು ಅಜ್ಜಂಪುರದ ಪಕ್ಕದಲ್ಲೇ ಇರುವವರು ಕೇಳಬಹುದಾದ ಪ್ರಶ್ನೆಯೇ ಇದು. ಪಳಗಿಸುವ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪತ್ರ ಬಂದ ವಾರವೇ ಬೆಂಗಳೂರಿನಿಂದ ನನ್ನ ಅಕ್ಕನ ಮಗ ಕಡೂರಿಗೆ ಬಂದ. ಅವನ ಚೀಲದಲ್ಲಿ ಬಟ್ಟೆಗಿಂತ ತಂತಿಯೇ ಹೆಚ್ಚು. ಜೊತೆಗೆ ಎರಡು ಹೆಡ್‌ಫೋನು. ಒಂದು ಜರ್ಮನಿಯ ಸೆನ್‌ಹೈಸರ್ ಎಚ್‌ಡಿ 600. ಇದು 1997ರ ಮಾದರಿ, ಇನ್ನೂ ಮಾರಾಟವಾಗುತ್ತಿದೆ. ಇನ್ನೊಂದು ಚೀನಾದ ಹೈಫೈಮನ್ ಕಂಪನಿಯದು. ಹೆಸರು ಕೇಳಿ ನನಗೆ ನಗು ಬಂತು: ಸುಂದರಾ. ಅದರ ಅಣ್ಣಂದಿರು ಆನಂದ, ಆರ್ಯ, ಸುಸ್ವರ. ನಮ್ಮಲ್ಲಿ ಮಕ್ಕಳಿಗೂ ಇಡುವುದು ಕಡಿಮೆಯಾದ ಹೆಸರುಗಳು ಚೀನಾದ ಪೆಟ್ಟಿಗೆಗಳ ಮೇಲೆ ಕೂತಿವೆ. ಸುಸ್ವರ ಮಾರುಕಟ್ಟೆಗೆ ಬಂದಾಗ ಅದರ ಬೆಲೆ ಆರು ಸಾವಿರ ಡಾಲರ್. ಅದನ್ನು ಫೋನಿಗೆ ಸಿಕ್ಕಿಸಿದರೆ ಪಿಸುಮಾತು ಅಷ್ಟೆ. ಗಟ್ಟಿಯಾಗಿ ನುಡಿಸಲು ದೊಡ್ಡ ಆಂಪ್ಲಿಫೈಯರ್ ಬೇರೆ ಬೇಕು.

ಎರಡರ ಒಳಗಿನ ಕೆಲಸ ಬೇರೆ. ಎಚ್‌ಡಿ 600ರಲ್ಲಿ ಇರುವುದು ನಮ್ಮ ಮೈಕ್‌ಸೆಟ್ಟಿನ ಸ್ಪೀಕರಿನ ಮರಿ: ಅಯಸ್ಕಾಂತ, ಅದರ ನಡುವೆ ತಂತಿಸುರುಳಿ, ಸುರುಳಿಗೆ ಅಂಟಿದ ತೆಳುಪೊರೆ. ಸುಂದರಾದಲ್ಲಿ ಸುರುಳಿಯಿಲ್ಲ. ಜೇಡರ ಬಲೆಯಷ್ಟು ಹಗುರಾದ ಹಾಳೆಯ ಮೇಲೇ ಲೋಹದ ಗೆರೆ ಎಳೆದಿರುತ್ತಾರೆ, ಪಕ್ಕದಲ್ಲಿ ಅಯಸ್ಕಾಂತದ ಪಟ್ಟಿಗಳು. ಕರೆಂಟು ಹರಿದರೆ ಹಾಳೆಗೆ ಹಾಳೆಯೇ ಅಲುಗುತ್ತದೆ. ಇಷ್ಟು ಸಾಕು.

ಕೇಳುವುದಕ್ಕೆ ನಮ್ಮದೇ ಸರಕು ಇತ್ತು. ಅಜ್ಜಂಪುರದ ಕಡೆಯ ಒಂದು ಜಾತ್ರೆಯಲ್ಲಿ ಅವನು ಸಣ್ಣ ರೆಕಾರ್ಡರು ಹಿಡಿದು ವೀರಗಾಸೆ, ಡೊಳ್ಳು ಎರಡನ್ನೂ ಹಿಡಿದಿಟ್ಟಿದ್ದ. ನಾನು ಮೊದಲು ಎಚ್‌ಡಿ 600 ಹಾಕಿಕೊಂಡೆ, ಆಮೇಲೆ ಸುಂದರಾ. ‘ಎರಡನೆಯದೇ ಚೆನ್ನ, ತಾಳ ಹತ್ತಿರ ಬಂತು, ಡೊಳ್ಳು ತುಂಬಿಕೊಂಡಿತು’ ಎಂದು ತೀರ್ಪು ಕೊಟ್ಟುಬಿಟ್ಟೆ. ಭೌತಶಾಸ್ತ್ರ ಪಾಠ ಹೇಳಿದವನು ಹೀಗೆ ಬೀಳಬಾರದಿತ್ತು. ವಾಲ್ಯೂಮು ಇದ್ದಲ್ಲೇ ಇತ್ತು, ಆದರೆ ಅದೇ ಮಟ್ಟದಲ್ಲಿ ಸುಂದರಾ ಕೊಂಚ ಜೋರಾಗಿ ನುಡಿಯುತ್ತದೆ. ಒಂದೆರಡು ಡೆಸಿಬೆಲ್ ಏರಿದರೆ ಕಿವಿಗೆ ಅದು ಜೋರು ಎಂದು ತಿಳಿಯುವುದೇ ಇಲ್ಲ. ಚೆನ್ನಾಗಿದೆ ಎಂದು ತಿಳಿಯುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದರು: ಸದ್ದು ಏರಿದಂತೆ ತಗ್ಗು ಸ್ವರಗಳು ಮಿಕ್ಕವುಗಳಿಗಿಂತ ಬೇಗ ಬೇಗ ಏರಿದಂತೆ ನಮಗೆ ಕೇಳುತ್ತವೆ. ಅಂಗಡಿಯಲ್ಲಿ ದುಬಾರಿ ಹೆಡ್‌ಫೋನನ್ನು ಒಂದು ಗೆರೆ ಮೇಲಿಟ್ಟು ಕೇಳಿಸಿದರೆ ನಿಮ್ಮ ಕಥೆ ಮುಗಿಯಿತು.

ಸರಿಪಡಿಸಲು ಒಂದು ಮದುವೆ ಕರೆಯೋಲೆ ಸಾಕಾಯಿತು. ಆ ದಪ್ಪ ಕಾಗದದಲ್ಲಿ ತೂತು ಕೊರೆದು, ಫೋನಿನ ಮೈಕನ್ನು ತೂತಿಗೆ ಒತ್ತಿ ಹಿಡಿದು, ಮೇಲೆ ಹೆಡ್‌ಫೋನಿನ ಬಟ್ಟಲು ಕವುಚಿದೆವು. ಮಳೆ ಸುರಿದಂಥ ಸುಯ್ ಸದ್ದು ಹಾಕಿ, ಸದ್ದಳೆಯುವ ಆಪ್‌ನಲ್ಲಿ ಎರಡಕ್ಕೂ ಒಂದೇ ಅಂಕಿ ಬರುವವರೆಗೆ ವಾಲ್ಯೂಮು ತಿರುಗಿಸಿದೆವು. ಆಪ್ ತೋರಿಸುವ ಅಂಕಿ ನಿಖರವಲ್ಲ, ಇರಬೇಕಾಗಿಯೂ ಇಲ್ಲ. ಎರಡು ಸಲವೂ ಅದೇ ತಪ್ಪು ಮಾಡಿದರೆ ಸಾಕು. ಈ ಸಲ ಕೇಳಿದಾಗ ನನ್ನ ತೀರ್ಪು ಅಲ್ಲಾಡಿತು. ಎಚ್‌ಡಿ 600ರಲ್ಲಿ ವೀರಗಾಸೆಯ ಒಡಪು ಹೇಳುವವನು ಎರಡು ಹೆಜ್ಜೆ ಮುಂದೆ ಬಂದು ನಿಂತ. ಸುಂದರಾದಲ್ಲಿ ಡೊಳ್ಳಿನ ತಳ ಇನ್ನೂ ಕೆಳಕ್ಕೆ ಇಳಿಯುತ್ತಿತ್ತು, ಒಡಪಿನವನು ಸ್ವಲ್ಪ ಹಿಂದೆ ಸರಿದಿದ್ದ.

‘ಮಾವ, ಕಣ್ಣು ಕಟ್ಟಿ ಕೊಡಿ, ನಾನು ಹೇಳ್ತೀನಿ’ ಎಂದ ಹುಡುಗ. ಟವೆಲು ಕಟ್ಟಿದೆ. ಹಿಂದೆ ನಿಂತು ಒಂದನ್ನು ತಲೆಯ ಮೇಲಿಟ್ಟೆ. ಹಾಡು ಶುರುವಾಗುವ ಮುಂಚೆಯೇ ‘ಇದು ಸುಂದರಾ’ ಎಂದ. ಹೇಗೋ? ತೂಕ ಹೇಳುತ್ತದಂತೆ: ಒಂದು 260 ಗ್ರಾಂ, ಇನ್ನೊಂದು 372. ಒಂದರ ಮೆತ್ತೆ ಮಖಮಲ್ಲು, ಇನ್ನೊಂದರದು ಬೇರೆ ಥರದ್ದು. ನನ್ನ ಕುರುಡು ಪರೀಕ್ಷೆ ಅಲ್ಲಿಗೇ ಕೆಟ್ಟಿತು.

ಇದೇ ತಲೆನೋವು ಹಾರ್ಮನ್ ಕಂಪನಿಯ ಶಾನ್ ಆಲಿವ್, ಟಾಡ್ ವೆಲ್ಟಿ ಅವರಿಗೂ ಬಂದಿತ್ತು. ಅವರು ಮಾಡಿದ ಉಪಾಯ ನನಗೆ ಬಹಳ ಇಷ್ಟ. ಹತ್ತಾರು ಹೆಡ್‌ಫೋನುಗಳನ್ನು ಅಳೆದು, ಒಂದೇ ಹೆಡ್‌ಫೋನನ್ನು ಎಲ್ಲರ ತಲೆಗೂ ಹಾಕಿ, ಸದ್ದನ್ನು ಕಂಪ್ಯೂಟರಿನಲ್ಲಿ ತಿದ್ದಿ, ಅದು ಒಂದೊಂದು ಸಲ ಒಂದೊಂದು ಕಂಪನಿಯದರಂತೆ ನುಡಿಯುವಂತೆ ಮಾಡಿದರು. ಬಹುರೂಪಿ ವೇಷ ಹಾಕಿದ ಹಾಗೆ. ತೂಕ ಅದೇ, ಮೆತ್ತೆ ಅದೇ, ಹೆಸರು ಗೊತ್ತಿಲ್ಲ. ಉಳಿದದ್ದು ಸದ್ದು ಮಾತ್ರ. ಹೆಚ್ಚಿನವರು ಮೆಚ್ಚಿದ್ದು ಒಳ್ಳೆಯ ಕೋಣೆಯಲ್ಲಿಟ್ಟ ಒಳ್ಳೆಯ ಸ್ಪೀಕರಿನಂತೆ ಕೇಳುವ ಹೆಡ್‌ಫೋನನ್ನು.

ಸ್ಪೀಕರಿನಂತೆ ಕೇಳಬೇಕಾದರೆ ಹೆಡ್‌ಫೋನು ಕಿವಿಯ ಒಂದು ಗುಟ್ಟನ್ನು ಅರಿತಿರಬೇಕು. ಈ ಪುಟ ನಾನು ಬರೆಯಲು ಕೂತದ್ದೇ ಇದನ್ನು ಹೇಳಲಿಕ್ಕೆ.

ಪೆನ್ನಿನ ಮುಚ್ಚಳವನ್ನು ತುಟಿಗೆ ಹಿಡಿದು ಊದಿ ಸಿಳ್ಳೆ ಹಾಕಿದ್ದೀರಲ್ಲವೆ? ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ತೆರೆದ ಕೊಳವೆಗೆ ತನ್ನದೇ ಒಂದು ಸ್ವರ ಇರುತ್ತದೆ. ತನ್ನ ಉದ್ದದ ನಾಲ್ಕು ಪಟ್ಟು ಅಲೆಯುದ್ದವಿರುವ ಸದ್ದು ಬಂದರೆ ಅದು ಉಬ್ಬುತ್ತದೆ. ನಮ್ಮ ಕಿವಿಯ ನಾಳವೂ ಅಂಥದ್ದೇ ಮುಚ್ಚಳ. ಹೊರಗಡೆ ತೆರೆದಿದೆ, ಒಳತುದಿಯಲ್ಲಿ ಕಿವಿತಮಟೆ. ಉದ್ದ ಸುಮಾರು ಎರಡೂವರೆ ಸೆಂಟಿಮೀಟರು. ಲೆಕ್ಕ ಹಾಕಿದರೆ 3,400 ಹರ್ಟ್ಸ್ ಬರುತ್ತದೆ. ತಮಟೆ ಗೋಡೆಯಂತೆ ಗಟ್ಟಿಯಲ್ಲ, ಕಿವಿಯ ಬಟ್ಟಲೂ ತನ್ನ ಪಾಲು ಸೇರಿಸುತ್ತದೆ. ಹಾಗಾಗಿ ನಿಜದಲ್ಲಿ ಉಬ್ಬು ಕಾಣುವುದು 3,000ದ ಆಸುಪಾಸಿನಲ್ಲಿ. ಅಲ್ಲಿ ಸದ್ದು ತಮಟೆಯನ್ನು ಮುಟ್ಟುವಾಗ 10ರಿಂದ 15 ಡೆಸಿಬೆಲ್ ಬೆಳೆದಿರುತ್ತದೆ. ಒತ್ತಡದ ಲೆಕ್ಕದಲ್ಲಿ ಮೂರರಿಂದ ಐದೂವರೆ ಪಟ್ಟು!

ಹುಟ್ಟಿದಾಗಿನಿಂದ ನಾವು ಕೇಳಿದ ಪ್ರತಿಯೊಂದು ಸದ್ದೂ, ಅಮ್ಮನ ಜೋಗುಳದಿಂದ ಕಡೂರು ಜಂಕ್ಷನ್ನಿನ ರೈಲಿನ ಕೂಗಿನವರೆಗೆ, ಈ ಗುಡ್ಡ ಹತ್ತಿಯೇ ಒಳಗೆ ಬಂದಿದೆ. ಮಿದುಳಿಗೆ ಈ ಗುಡ್ಡವೇ ಸಮತಟ್ಟು. ಆದ್ದರಿಂದ ತಮಟೆಯ ಬಳಿ ಅಳೆದಾಗ ನೆಟ್ಟಗೆ ಗೆರೆ ಎಳೆದಂತೆ ನುಡಿಯುವ ಹೆಡ್‌ಫೋನು ಮಾಡಿದಿರೋ, ಹಾಡುವವನು ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ. ಒಳ್ಳೆಯ ಹೆಡ್‌ಫೋನು ತಮಟೆಯ ಹತ್ತಿರ ಆ ಗುಡ್ಡವನ್ನು ಕಟ್ಟಿಕೊಡಬೇಕು. ಕಿವಿಯೊಳಗೆ ತುರುಕುವ ಇಯರ್‌ಫೋನಂತೂ ಮುಚ್ಚಳದ ಬಾಯಿಯನ್ನೇ ಮುಚ್ಚಿ ಇದ್ದ ಗುಡ್ಡವನ್ನೂ ಕೆಡಿಸಿಬಿಡುತ್ತದೆ. ಅದನ್ನು ಮತ್ತೆ ಎಬ್ಬಿಸುವ ಕೆಲಸ ಅದರದ್ದೇ.

ತೊಡಕು ಎಂದರೆ ನಿಮ್ಮ ಗುಡ್ಡ ನನ್ನ ಗುಡ್ಡವಲ್ಲ. ನಾಳದ ಉದ್ದ, ಕಿವಿಯ ಬಟ್ಟಲಿನ ಆಳ, ಹಾಲೆಯ ಮಡಿಕೆ ಒಬ್ಬೊಬ್ಬರದು ಒಂದೊಂದು ಥರ. 5,000 ಹರ್ಟ್ಸ್ ದಾಟಿದ ಮೇಲೆ ಹೆಡ್‌ಫೋನನ್ನು ಕೆಲವೇ ಮಿಲಿಮೀಟರು ಹಿಂದೆ ಮುಂದೆ ಸರಿಸಿದರೂ ಸದ್ದು ಕೆಲವು ಡೆಸಿಬೆಲ್ ಏರಿಳಿಯುತ್ತದೆ. ನಮ್ಮ ‘ಸ’ಕಾರದ ಹರಿತವೆಲ್ಲ ಇರುವುದು ಅಲ್ಲೇ. ಅದೇ ಎಚ್‌ಡಿ 600ರಲ್ಲಿ ನನಗೆ ಹಿತವಾಗಿದ್ದ ‘ಸ’ ಹುಡುಗನಿಗೆ ಸ್ವಲ್ಪ ಚುಚ್ಚುತ್ತಿತ್ತು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ವಯಸ್ಸಿನ ಮಾತೂ ಇದೆ. ಅವನು 14,000 ಹರ್ಟ್ಸಿನ ಸ್ವರ ಹಾಕಿ ಮುಖ ಹಿಂಡಿಕೊಂಡ. ನನಗೆ ಹುಣಿಸೆ ಮರದ ಗಾಳಿ ಮಾತ್ರ ಕೇಳುತ್ತಿತ್ತು. ಲಕ್ಷದ ಹೆಡ್‌ಫೋನು ಕೊಳ್ಳುವ ತಾಕತ್ತು ಬರುವ ಹೊತ್ತಿಗೆ ಮೇಲಿನ ಒಂದು ಸಪ್ತಕದ ಬಹುಪಾಲು ಕೈಬಿಟ್ಟಿರುತ್ತದೆ.

ಆಡಿಯೊ ಹುಚ್ಚಿನವರು ಸುಂದರಾದಂಥವನ್ನು ‘ಫಾಸ್ಟ್’ ಎನ್ನುತ್ತಾರೆ. ತರೀಕೆರೆ ಏರಿಯ ಮೇಲೆ ಮೇಯುವ ಮೂರು ಕರಿ ಕುರಿಮರಿಗಳ ಮಾತನ್ನು ನನ್ನಿಂದ ಹೇಳಿಸಿ ರೆಕಾರ್ಡು ಮಾಡಿಕೊಂಡ ಹುಡುಗ, ‘ನೋಡಿ, ಸುಂದರಾದಲ್ಲಿ ಒಂದೊಂದು ರಕಾರವೂ ಬಿಡಿ ಬಿಡಿ’ ಎಂದ. ನನ್ನ ನಾಲಿಗೆ ಒಂದು ‘ರ’ ಬಡಿಯಲು ಸೆಕೆಂಡಿನ ಸುಮಾರು ನಲವತ್ತನೇ ಒಂದು ಪಾಲು ತೆಗೆದುಕೊಳ್ಳುತ್ತದೆ. ಬಸ್‌ನಿಲ್ದಾಣದ ಎದುರು ಕೊಂಡ ಇಯರ್‌ಫೋನಿನ ಪೊರೆಯೂ ಸೆಕೆಂಡಿಗೆ ಹತ್ತು ಸಾವಿರ ಸಲ ಅಲುಗಬಲ್ಲದು. ಅದರ ಮುಂದೆ ನನ್ನ ನಾಲಿಗೆ ಎತ್ತಿನಗಾಡಿ. ಬಿಡಿಯಾಗಿ ಕೇಳಿದ್ದು ಪೊರೆಯ ಓಟದಿಂದಲ್ಲ, ಮೇಲಿನ ಕಂಪನಗಳನ್ನು ಸುಂದರಾ ಕೊಂಚ ಎತ್ತಿ ಕೊಡುವುದರಿಂದ.

ಇನ್ನು ಪಳಗಿಸುವುದು. ಬಳಸುತ್ತ ಬಳಸುತ್ತ ಮೆತ್ತೆ ಮೆತುವಾಗಿ ಕೆನ್ನೆಗೆ ಸರಿಯಾಗಿ ಕೂರುತ್ತದೆ, ಅದರಿಂದ ಸದ್ದು ಸ್ವಲ್ಪ ಬದಲಾಗುವುದು ಉಂಟು. ಮಿಕ್ಕಿದ್ದು ನಿಮಗೆ ಅಭ್ಯಾಸವಾಗುವುದು, ಹೊಸ ಚಪ್ಪಲಿಯ ಹಾಗೆ. ನೂರು ಗಂಟೆ ಕಾಯಿರಿ ಎನ್ನುವ ಅಂಗಡಿಯವನ ವಾಪಸು ತೆಗೆದುಕೊಳ್ಳುವ ಅವಧಿ ಎಷ್ಟು ದಿನ ಎಂದು ಒಮ್ಮೆ ಕೇಳಿ ನೋಡಿ. ಇದಕ್ಕಿಂತ ದೊಡ್ಡ ತಾಯತ ಬಾಣದ ಗುರುತಿನ ಬೆಳ್ಳಿ ತಂತಿ. ಸಿಗ್ನಲ್ಲು ಬಾಣದ ದಿಕ್ಕಿನಲ್ಲೇ ಹರಿಯಬೇಕಂತೆ! 1,000 ಹರ್ಟ್ಸಿನ ಸ್ವರ ಎಂದರೆ ಕರೆಂಟು ಸೆಕೆಂಡಿಗೆ ಸಾವಿರ ಸಲ ಹೋಗಿ ಸಾವಿರ ಸಲ ವಾಪಸು ಬರುವುದು. ಬಾಣ ಯಾವ ಕಡೆಗೆ ಬರೆಯುತ್ತೀರಿ? ದೃಷ್ಟಿಬೊಂಬೆ ಕಟ್ಟಿದವರನ್ನು ನೋಡಿ ನಗುವ ಎಂಜಿನಿಯರುಗಳೇ ಇದನ್ನು ಕೊಳ್ಳುತ್ತಾರೆ.

ಬೆಲೆಯ ವಿಷಯಕ್ಕೆ ಲೆಕ್ಕವೇ ಇದೆ. ಯೆರೂನ್ ಬ್ರೇಬಾರ್ಟ್ ಎನ್ನುವವರು 283 ಹೆಡ್‌ಫೋನು, ಇಯರ್‌ಫೋನುಗಳನ್ನು ಅಳೆದು 2017ರಲ್ಲಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಯಾವ ಕಂಪನಕ್ಕೆ ಎಷ್ಟು ಸದ್ದು ಎನ್ನುವ ಗೆರೆಗೂ ಅಂಗಡಿಯ ಬೆಲೆಗೂ ನಂಟೇ ಸಿಗಲಿಲ್ಲ. ಹಾಗೆಂದು ಹೆಚ್ಚಿನ ದುಡ್ಡೆಲ್ಲ ನೀರಿಗೆ ಹಾಕಿದಂತೆ ಎನ್ನಲಾರೆ. ಎಚ್‌ಡಿ 600ರ ಮೆತ್ತೆ, ತಂತಿ ಎಲ್ಲವೂ ಬಿಡಿಯಾಗಿ ಸಿಗುತ್ತವೆ. ಕಳಚಿ ಬೇರೆ ಹಾಕಿಕೊಳ್ಳಬಹುದು. ಮುನ್ನೂರರದ್ದು ತಂತಿಯ ಬುಡದಲ್ಲಿ ಕಿತ್ತರೆ ಕಸಕ್ಕೆ.

ಕೊನೆಗೆ ನನ್ನ ಹೆಂಡತಿಯ ಸರದಿ. ಸುಂದರಾ ಹಾಕಿಕೊಂಡು ಎರಡು ನಿಮಿಷ ಕೇಳಿ ‘ಡೊಳ್ಳೇ ಇಲ್ಲವಲ್ಲೋ’ ಎಂದಳು. ಹುಡುಗನ ಮುಖ ಸಪ್ಪಗಾಯಿತು. ‘ಇಲ್ಲ ಅತ್ತೆ, ಅದರ ಬಾಸೇ ಅದರ ಹೆಗ್ಗಳಿಕೆ’ ಎನ್ನುತ್ತ ತಂತಿ ಬದಲಿಸಿದ, ಆಂಪ್ಲಿಫೈಯರ್ ಆರಿಸಿ ಹಾಕಿದ. ನಾನು ಹೋಗಿ ಎರಡೂ ಬಟ್ಟಲುಗಳನ್ನು ಅಂಗೈಯಲ್ಲಿ ಮೆಲ್ಲಗೆ ಒತ್ತಿದೆ. ‘ಹಾ, ಬಂತು.’ ಕೈ ಬಿಟ್ಟೆ. ‘ಹೋಯ್ತು.’ ಕನ್ನಡಕದ ಕಡ್ಡಿ ಮೆತ್ತೆಯನ್ನು ಎತ್ತಿ ಹಿಡಿದು ಬೆರಳು ತೂರುವಷ್ಟಲ್ಲದಿದ್ದರೂ ಗಾಳಿ ನುಸುಳುವಷ್ಟು ಸಂದು ಬಿಟ್ಟಿತ್ತು. ತಗ್ಗು ಸ್ವರದ ಗಾಳಿಯೆಲ್ಲ ಅದರಲ್ಲೇ ಸೋರಿ ಹೋಗುತ್ತಿತ್ತು. ಕನ್ನಡಕ ತೆಗೆಸಿದ ಮೇಲೆ ಡೊಳ್ಳು ಪೂರ್ತಿ ಬಂತು.

ತರೀಕೆರೆಯವರೇ, ನಿಮ್ಮ ಮಗನಿಗೆ ಕನ್ನಡಕ ಇದೆಯೇ ಎಂದು ಪತ್ರದಲ್ಲಿ ಬರೆದಿಲ್ಲ.