ಹುಳು ತಿಂದರೂ ಉಳಿಯುವ ಕಾಡು

ಒಂದು ಕಾಡು ಸ್ಥಿರವಾಗಿದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ, ಎಷ್ಟು ಜಾಗವನ್ನು ಎಷ್ಟು ಕಾಲ ಗಮನಿಸಲಾಗಿದೆ ಎಂಬುದು ಮೊದಲು ತಿಳಿಯಬೇಕು. ಪೂರ್ವ ಕೆನಡಾದ ಬಾಲ್ಸಮ್ ಫರ್ ಕಾಡುಗಳಲ್ಲಿ ಇದು ಎದ್ದು ಕಾಣುತ್ತದೆ. ಅಲ್ಲಿನ ಮರಗಳ ಶತ್ರು ಸ್ಪ್ರೂಸ್ ಬಡ್‌ವರ್ಮ್. ಹೆಸರಿನಲ್ಲಿ ಸ್ಪ್ರೂಸ್ ಇದ್ದರೂ ಈ ಹುಳುವಿಗೆ ಹೆಚ್ಚು ಹಿಡಿಸುವುದು ಫರ್ ಮರವೇ.

ಬೇಸಿಗೆಯಲ್ಲಿ ಈ ಹುಳುವಿನ ಪತಂಗವು ಸೂಜಿಯಂಥ ಎಲೆಗಳ ಮೇಲೆ ಮೊಟ್ಟೆ ಇಡುತ್ತದೆ. ಮರಿಹುಳು ಪುಟ್ಟ ರೇಷ್ಮೆಗೂಡಿನೊಳಗೆ ಚಳಿಗಾಲ ಕಳೆದು, ವಸಂತದಲ್ಲಿ ಮೊಗ್ಗು ಕೊರೆದು ಒಳಹೊಗುತ್ತದೆ. ಚಿಗುರುಗಳನ್ನು ನೂಲಿನಿಂದ ಒಂದಕ್ಕೊಂದು ಬಿಗಿದುಕೊಂಡು ಅದರ ಮರೆಯಲ್ಲಿ ಮೇಯುತ್ತದೆ. ಎಳೆಯ ಕಾಡಿನಲ್ಲಿ ಸೊಪ್ಪು ವಿರಳ, ಹಕ್ಕಿಗಳು ಹುಳುಗಳನ್ನು ಸುಲಭವಾಗಿ ಹೆಕ್ಕುತ್ತವೆ. ಮರ ಬಲಿತು ಸೊಪ್ಪು ದಟ್ಟವಾದಂತೆ ಹುಡುಕಾಟ ಕಷ್ಟವಾಗುತ್ತದೆ. ಒಂದು ಮಿತಿ ದಾಟಿತೆಂದರೆ ಹಕ್ಕಿಗಳು ಎಷ್ಟು ತಿಂದರೂ ಸಾಲದು; ಕೆಲವೇ ವರ್ಷಗಳಲ್ಲಿ ಬೆಳೆದ ಮರಗಳು ಬೋಳಾಗಿ ಒಣಗುತ್ತವೆ. ಕಳೆದ ಶತಮಾನದಲ್ಲಿ 1910ರ ಸುಮಾರಿಗೆ, ಮತ್ತೆ 1940ರ ಹಾಗೂ 1970ರ ದಶಕಗಳಲ್ಲಿ ಹೀಗಾಯಿತು.

ಹುಳುವಿನ ಬದುಕು ಒಂದು ವರ್ಷದ್ದು, ಸೊಪ್ಪಿನದು ಕೆಲವು ವರ್ಷಗಳದ್ದು, ಮರದ್ದು ದಶಕಗಳದ್ದು. ಪರಿಸರ ವಿಜ್ಞಾನದ ಶ್ರೇಣಿ ಸಿದ್ಧಾಂತ ಹೇಳುವಂತೆ, ನಿಧಾನವಾಗಿ ಬದಲಾಗುವ ಮೇಲಿನ ಹಂತವೇ ಚುರುಕಾದ ಕೆಳಗಿನ ಹಂತಕ್ಕೆ ಕಡಿವಾಣ. ಇಲ್ಲಿ ಮರದ ವಯಸ್ಸೇ ಆ ಕಡಿವಾಣ. ಅದು ಸಡಿಲವಾಗುವುದೂ ವಯಸ್ಸಾದಾಗಲೇ.

ಒಂದು ಎಕರೆ ಕಾಡಿಗೆ ಹುಳುವಿನ ಈ ಪಿಡುಗು ಸರ್ವನಾಶ. ಇಡೀ ಪ್ರಾಂತ್ಯಕ್ಕೆ ಹಾಗಲ್ಲ: ಸತ್ತ ಮರಗಳ ಕೆಳಗೆ ಕಾದಿದ್ದ ಫರ್ ಸಸಿಗಳು ಬೆಳಕು ಸಿಕ್ಕೊಡನೆ ಮೇಲೇಳುತ್ತವೆ, ನಡುನಡುವೆ ಸ್ಪ್ರೂಸ್, ಬರ್ಚ್ ಮರಗಳಿಗೂ ಅವಕಾಶ ಸಿಗುತ್ತದೆ. ಆದರೆ ಪತಂಗಗಳು ಗಾಳಿಯಲ್ಲಿ ಬಹುದೂರ ತೇಲಿಹೋಗುವುದರಿಂದ, ಸುತ್ತಲಿನ ಕಾಡೆಲ್ಲ ಒಂದೇ ವಯಸ್ಸಿನದಾಗಿದ್ದರೆ ದೊಡ್ಡ ವಿಸ್ತಾರವೂ ಕಾಪಾಡದು.

ಹುಳುವನ್ನು ಕೊಲ್ಲಲು ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಲ್ಲಿ 1952ರಿಂದ ವಿಮಾನಗಳ ಮೂಲಕ ಡಿಡಿಟಿ ಕೀಟನಾಶಕ ಸಿಂಪಡಿಸಲಾಯಿತು. ಮರಗಳೇನೋ ಉಳಿದವು, ಅವುಗಳೊಂದಿಗೆ ಹುಳುವಿನ ಊಟವೂ ಉಳಿಯಿತು. ಬಲಿತ ಕಾಡು ಬಲಿತೇ ಇದ್ದುದರಿಂದ ಪಿಡುಗು ಬೇಗ ತಣಿಯಲಿಲ್ಲ, ಸಿಂಪಡಣೆ ವರ್ಷ ವರ್ಷವೂ ಬೇಕಾಯಿತು. 1954ರಲ್ಲಿ ಮಿರಾಮಿಶಿ ನದಿಯ ಸಾಲ್ಮನ್ ಮೀನುಗಳು ಅದೇ ವಿಷಕ್ಕೆ ಸತ್ತವು. ಕೆನಡಾದ ಪರಿಸರ ವಿಜ್ಞಾನಿ ಸಿ. ಎಸ್. ಹಾಲಿಂಗ್ 1973ರ ಪ್ರಬಂಧದಲ್ಲಿ ಈ ಕಾಡನ್ನೂ ಉದಾಹರಿಸಿ, ಏರುಪೇರಿಲ್ಲದಿರುವುದು ಬೇರೆ, ಏರುಪೇರನ್ನು ತಾಳಿಕೊಂಡು ಉಳಿಯುವುದು ಬೇರೆ ಎಂದು ವಾದಿಸಿದರು. ಎರಡನೆಯ ಗುಣದಲ್ಲಿ ಈ ಕಾಡು ಗಟ್ಟಿ. ಮನುಷ್ಯ ಕಾಪಾಡಲು ಹೊರಟದ್ದು ಮೊದಲನೆಯದನ್ನು.

2014ರಿಂದ ಅಟ್ಲಾಂಟಿಕ್ ಕರಾವಳಿಯ ಪ್ರಾಂತ್ಯಗಳಲ್ಲಿ ಬೇರೊಂದು ದಾರಿ ಹಿಡಿಯಲಾಗಿದೆ. ಹುಳುಗಳ ಸಂಖ್ಯೆ ಏರತೊಡಗಿದ ತಾಣಗಳನ್ನು ಮೊದಲೇ ಗುರುತಿಸಿ, ಪಿಡುಗು ಹಬ್ಬುವ ಮುನ್ನ ಆ ತಾಣಗಳಿಗಷ್ಟೇ ಔಷಧ ಸಿಂಪಡಿಸಲಾಗುತ್ತದೆ.