ಗಣಕಯಂತ್ರದ ಕೀಚಲು ಸದ್ದು

ಕಳೆದ ಎರಡು ತಿಂಗಳಿಂದ ನಮ್ಮ ವಾಚನಾಲಯದ ಗಣಕಯಂತ್ರದ ಕಡೆಯಿಂದ, ಸೊಳ್ಳೆಯು ಕಿವಿಯ ಬಳಿ ಹಾಡಿದಂತೆ, ಒಂದೇ ಸಮನೆ ಕೀಚಲು ಸದ್ದು ಬರುತ್ತಿದ್ದುದನ್ನು ವಾಚಕ ಬಂಧುಗಳು ಬಲ್ಲಿರಿ. ಸಂಜೆ ಪರೀಕ್ಷೆಗೆ ಓದಲು ಬರುವ ಹುಡುಗರು ತಲೆನೋವೆಂದು ಎದ್ದು ಹೋಗತೊಡಗಿದರು. ಮಗ್ಗದ ಖಾತೆಯಲ್ಲಿ ಮೂವತ್ತು ವರ್ಷ ದುಡಿದ ಹಿರಿಯ ಸದಸ್ಯರೊಬ್ಬರು, "ಯಾವ ಸದ್ದಪ್ಪಾ? ಓದಲು ಮೈಗಳ್ಳತನ ನಿಮಗೆ" ಎಂದು ಅವರನ್ನು ಗದರಿಸಿದರು. ಅಂಗಡಿಯಾತನೊಬ್ಬನು ಬಂದು ನೋಡಿ, ಯಂತ್ರವನ್ನೇ ಬದಲಾಯಿಸಬೇಕೆಂದು ಹೇಳಿಹೋದನು. ಸಂಬಳದ ದಿನ ಸದಸ್ಯರು ಕೊಡುವ ವಂತಿಗೆಯಿಂದ ನಡೆಯುವ ಸಂಸ್ಥೆಗೆ ಅದು ಸಾಧ್ಯವೇ? ಭವಿಷ್ಯನಿಧಿಯ ಲೆಕ್ಕ ನೋಡಲು, ಊರಿನ ಹೊಲದ ಪಹಣಿ ತೆಗೆಯಲು, ನೌಕರಿಯ ಅರ್ಜಿ ತುಂಬಲು ನಮಗಿರುವುದು ಇದೊಂದೇ ಯಂತ್ರ. ಆದುದರಿಂದ ಎರಡು ಭಾನುವಾರ ಕುಳಿತು ನಾವೇ ಮೂಲವನ್ನು ಹುಡುಕಿದೆವು.

ಇಂತಹ ಸದ್ದು ಹುಟ್ಟುವ ಬಗೆ ಹೀಗಿದೆ. ಗೋಡೆಯ 230 ವೋಲ್ಟಿನ ವಿದ್ಯುತ್ತನ್ನು 12 ಅಥವಾ 5 ವೋಲ್ಟಿಗೆ ಇಳಿಸುವ ಪೆಟ್ಟಿಗೆಯೊಳಗೆ ತಾಮ್ರದ ತಂತಿಯ ಸುರುಳಿಗಳಿರುತ್ತವೆ. ಅವುಗಳಲ್ಲಿ ಪ್ರವಾಹವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಹರಿಸಿ ನಿಲ್ಲಿಸಲಾಗುತ್ತದೆ. ಪ್ರತಿ ಸಲವೂ ಕಾಂತಶಕ್ತಿಯು ಸುರುಳಿಯನ್ನು ಜಗ್ಗುತ್ತದೆ; ಬಿಗಿ ತಪ್ಪಿದ ಸುರುಳಿ ನಡುಗಿ ದನಿಗೈಯುತ್ತದೆ. ನಮ್ಮ ಕಿವಿಗೆ ನಿಲುಕುವುದು ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳು ಮಾತ್ರ. ಅನೇಕ ಪೆಟ್ಟಿಗೆಗಳು ಈ ಮಿತಿಯ ಮೇಲೆಯೇ ನಡೆಯುವುದರಿಂದ ಸದ್ದು ತಿಳಿಯದು. ಆದರೆ ಹೊರೆ ಕಡಿಮೆಯಿರುವಾಗ ಕೆಲವು ಪೆಟ್ಟಿಗೆಗಳು ಬಿಟ್ಟುಬಿಟ್ಟು ಕೆಲಸ ಮಾಡುತ್ತವೆ; ಆಗ ಕಂಪನವು ಕಿವಿಯ ಅಳವಿಗೆ ಇಳಿದುಬಿಡುತ್ತದೆ.

ಹಿರಿಯರಿಗೆ ಏಕೆ ಕೇಳಿಸಲಿಲ್ಲ? ವಯಸ್ಸಾದಂತೆ ಮೇಲಿನ ಸ್ವರಗಳೇ ಮೊದಲು ಕಿವಿಗೆ ತಪ್ಪಿಹೋಗುತ್ತವೆ. ಅದರ ಮೇಲೆ, ಮಗ್ಗಗಳ ಗದ್ದಲದಲ್ಲಿ ವರ್ಷಗಟ್ಟಲೆ ನಿಂತವರಿಗೆ ಸಾಮಾನ್ಯವಾಗಿ 4,000 ಕಂಪನಗಳ ಆಸುಪಾಸಿನಲ್ಲಿ ಮೊದಲ ಪೆಟ್ಟು ಬೀಳುತ್ತದೆ. ಹುಡುಗರು ಸುಳ್ಳಾಡಿರಲಿಲ್ಲ, ಹಿರಿಯರೂ ಆಡಿರಲಿಲ್ಲ.

ಮೊದಲು ನಾವು ಯಂತ್ರವನ್ನು ಕ್ರಮವಾಗಿ ಮುಚ್ಚಿ, ಗೋಡೆಯ ಗುಂಡಿಯನ್ನು ಹಾಗೆಯೇ ಬಿಟ್ಟೆವು. ಸದ್ದು ನಿಲ್ಲಲಿಲ್ಲ! ಅಂದಮೇಲೆ ಒಳಗಿನ ಪಂಖವೂ ತಟ್ಟೆಯೂ ನಿರಪರಾಧಿಗಳು. ಅವು ಆಗಲೇ ನಿಂತಿದ್ದವು. ಹಳೆಯ ವೃತ್ತಪತ್ರಿಕೆಯನ್ನು ಕೊಳವೆಯಂತೆ ಸುತ್ತಿ (ಇದಕ್ಕಂತೂ ನಮ್ಮಲ್ಲಿ ಕೊರತೆಯಿಲ್ಲ) ಒಂದು ತುದಿಯನ್ನು ಕಿವಿಗಿಟ್ಟು ಹುಡುಕಿದಾಗ ಸದ್ದು ಪ್ಲಗ್ಗುಗಳ ಹಲಗೆಯ ಕಡೆ ಜೋರಾಯಿತು. ಒಂದೊಂದಾಗಿ ಪ್ಲಗ್ಗು ಕಿತ್ತೆವು: ಪರದೆಯದು, ಮುದ್ರಣಯಂತ್ರದ್ದು. ಅಂತರ್ಜಾಲದ ಪೆಟ್ಟಿಗೆಯ ಅಡಾಪ್ಟರು ಕಿತ್ತೊಡನೆ ಕೋಣೆ ನಿಶ್ಶಬ್ದವಾಯಿತು. ಅದೇ ವೋಲ್ಟು, ಅಷ್ಟೇ ಅಥವಾ ಹೆಚ್ಚಿನ ಆಂಪಿಯರು, ತುದಿಯಲ್ಲಿ ಅದೇ ಧನ-ಋಣ ಗುರುತು ಇರುವ ಹೊಸ ಅಡಾಪ್ಟರನ್ನು ಮುನ್ನೂರು ರೂಪಾಯಿಯೊಳಗೆ ತಂದೆವು.

ನಿಮ್ಮಲ್ಲಿ ಯಂತ್ರ ಮುಚ್ಚಿದೊಡನೆ ಸದ್ದು ನಿಲ್ಲುವುದಾದರೆ ಬೇರೆ ಕಡೆ ನೋಡಬೇಕು. ವೇಗದೊಂದಿಗೆ ಏರಿಳಿದರೆ ಪಂಖ. ಧೂಳು ತೆಗೆದು ನೋಡಿ. ಟಿಕ್ ಟಿಕ್ ಸದ್ದೂ ಕೂಡಿದರೆ, ಸೆಕೆಂಡಿಗೆ 90 ಅಥವಾ 120 ಸುತ್ತು ತಿರುಗುವ ತಟ್ಟೆಯೇ ಕೆಟ್ಟಿರಬಹುದು. ಬೇರೇನೂ ಮಾಡದೆ ಮೊದಲು ಕಾಗದಪತ್ರಗಳ ಪ್ರತಿ ತೆಗೆದಿಡಿ. ಪರದೆಯ ಪುಟ ಸರಿಸಿದಾಗ ಸ್ವರ ಬದಲಾದರೆ ಅದು ಒಳಗಿನ ಸುರುಳಿ. ಕಿರಿಕಿರಿಯೇ ಹೊರತು ಸಾಮಾನ್ಯವಾಗಿ ಅಪಾಯವಲ್ಲ. ಸುಟ್ಟ ವಾಸನೆ ಬಂದರೆ ಮಾತ್ರ ಒಡನೆ ಗೋಡೆಯ ಗುಂಡಿ ಆರಿಸಿ. ವಿದ್ಯುತ್ ಪೆಟ್ಟಿಗೆಯನ್ನು ಯಾರೂ ಬಿಚ್ಚಕೂಡದು. ಪ್ಲಗ್ಗು ಕಿತ್ತ ಮೇಲೂ ಒಳಗೆ 300 ವೋಲ್ಟಿಗೆ ಮಿಕ್ಕ ವಿದ್ಯುತ್ತು ಉಳಿದಿರಬಹುದು.

ಹಿರಿಯ ಸದಸ್ಯರನ್ನು ಮುಂದಿನ ಶನಿವಾರ ಕಿವಿಯ ಪರೀಕ್ಷೆಗೆ ಆಸ್ಪತ್ರೆಗೆ ಕರೆದೊಯ್ಯಲಿದ್ದೇವೆ. ಮಗ್ಗದ ಖಾತೆಯವರು ಇನ್ನಾರಾದರೂ ಬರುವುದಾದರೆ ಶುಕ್ರವಾರದೊಳಗೆ ಮೇಜಿನ ಮೇಲಿನ ವಹಿಯಲ್ಲಿ ಹೆಸರು ಬರೆಯಬೇಕು. ಗದರಿಸಿಕೊಂಡ ಹುಡುಗರಲ್ಲಿ ಇಬ್ಬರು ಜೊತೆಗೆ ಬರುವುದಾಗಿ ಹೇಳಿದ್ದಾರೆ.